ಯುರೋಪಿಗೆ ಹೋಗಿ ಪ್ಯಾರಿಸ್ ನೋಡ್ಲಿಲ್ವಾ?

ಹೋದ ವರ್ಷ ಬೇಸಿಗೆಯಲ್ಲಿ ನಾವಿಬ್ಬರೂ ಡೆನ್ಮಾರ್ಕಿಗೆ ಹೋಗಿ ಬಂದೆವು. ಮಗಳು ಕೋಪನ್‌ಹೇಗನ್‌ನಲ್ಲಿ ಕೆಲಸದಲ್ಲಿದ್ದಾಳೆ. ಎಪ್ಪತ್ತು ದಿನ ಅವಳ ಜೊತೆ ಇದ್ದೆವು. ಶಿವಮೊಗ್ಗಕ್ಕೆ ವಾಪಸ್ ಬಂದಾಗಿನಿಂದ ಮದುವೆ ಮನೆ, ತರಕಾರಿ ಅಂಗಡಿ, ಬೆಳಗಿನ ವಾಕಿಂಗ್, ಎಲ್ಲಿ ಹೋದರೂ ಒಂದೇ ಪ್ರಶ್ನೆ. ‘ಪ್ಯಾರಿಸ್ ನೋಡಿದ್ರಾ? ಸ್ವಿಟ್ಜರ್ಲೆಂಡ್?’ ಇಲ್ಲ ಅಂದರೆ ಅವರ ಮುಖ ಸಣ್ಣದಾಗುತ್ತದೆ. ‘ಅಯ್ಯೋ, ಅಷ್ಟು ದೂರ ಹೋಗಿ? ಮತ್ತೆ ಏನ್ ನೋಡಿದ್ರಿ?’

ಡ್ರಾಓರ್, ರೀಬೆ, ಫಾನೋ ಅನ್ನುತ್ತೇನೆ. ಪಾಪ, ತಲೆಯಾಡಿಸಿ ಮಳೆಯ ವಿಷಯಕ್ಕೆ ಹೋಗುತ್ತಾರೆ. ಅದಕ್ಕೇ ಒಂದು ಸಲ ಪೂರ್ತಿ ಬರೆದುಬಿಡೋಣ ಅಂತ ಕೂತೆ.

ಮೊದಲು ನಿಜ ಹೇಳುತ್ತೇನೆ. ಹೊರಡುವಾಗ ನನಗೂ ಪ್ಯಾರಿಸ್ ಆಸೆ ಇತ್ತು. ಷೆಂಗೆನ್ ವೀಸಾ ಸಿಕ್ಕಿತ್ತು. 180 ದಿನದೊಳಗೆ 90 ದಿನ ಇರಬಹುದು. ಡೆನ್ಮಾರ್ಕ್, ಫ್ರಾನ್ಸ್, ಸ್ವಿಟ್ಜರ್ಲೆಂಡ್ ಎಲ್ಲಕ್ಕೂ ಅದೊಂದೇ ಸಾಕು. ಹತ್ತು ದಿನಕ್ಕೆ ಏಳು ದೇಶ ತೋರಿಸುವ ಟೂರಿನ ಪಟ್ಟಿಯನ್ನೂ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ. ಮಗಳು ಅದನ್ನು ಓದಿ, ‘ನೀವಿಬ್ರೇ ಹೋಗಿ ಬನ್ನಿ, ನನಗೆ ರಜೆ ಇಲ್ಲ’ ಅಂದಳು.

ಅಲ್ಲಿ ವರ್ಷಕ್ಕೆ ಐದು ವಾರ ರಜೆ ಕೊಡಲೇಬೇಕು ಅಂತ ಕಾನೂನಿದೆ. ಕೇಳಿದರೆ ಜಾಸ್ತಿ ಅನ್ನಿಸುತ್ತದೆ. ಆದರೆ ಅದು ತಿಂಗಳಿಗೆ 2.08 ದಿನದ ಲೆಕ್ಕದಲ್ಲಿ ಹನಿ ಹನಿಯಾಗಿ ಕೂಡುತ್ತದೆ. ಅವಳು ಸೇರಿ ಒಂಬತ್ತು ತಿಂಗಳಾಗಿತ್ತು ಅಷ್ಟೇ. ಕೂಡಿದಷ್ಟನ್ನೂ ಡಿಸೆಂಬರಿನಲ್ಲಿ ಮನೆಗೆ ಬರಲು ಎತ್ತಿಟ್ಟಿದ್ದಳು. ಆ ರಜೆಯನ್ನು ಐಫೆಲ್ ಟವರಿನ ಕ್ಯೂನಲ್ಲಿ ಖರ್ಚು ಮಾಡಿಸಲು ನನಗೆ ಮನಸ್ಸಾಗಲಿಲ್ಲ. ಅವಳನ್ನು ಬಿಟ್ಟು ನಾವಿಬ್ಬರೇ ಸುತ್ತುವುದಾದರೆ ಅಷ್ಟು ದೂರ ಹೋಗಿದ್ದಾದರೂ ಯಾಕೆ? ಕೈಯಲ್ಲಿ ಉಳಿದದ್ದು ಶನಿವಾರ, ಭಾನುವಾರ. ಅಷ್ಟರಲ್ಲಿ ಹೋಗಿ ಬರುವಂಥ ಊರು ಹುಡುಕಿದೆವು.

ಮೊದಲನೆಯದು ಡ್ರಾಓರ್. ಬೋರ್ಡಿನಲ್ಲಿ ನಡುವೆ ಒಂದು ಜಿ ಅಕ್ಷರ ಇದೆ, ಬಾಯಲ್ಲಿ ಇಲ್ಲ. ಡೇನಿಶ್ ಮಾತೇ ಹಾಗೆ, ಬರೆದದ್ದರಲ್ಲಿ ಅರ್ಧ ನುಂಗಿಬಿಡುತ್ತಾರೆ. ವಿಮಾನ ನಿಲ್ದಾಣದಿಂದ ಸ್ವಲ್ಪವೇ ಆಚೆಗಿರುವ ಹಳೇ ಮೀನುಗಾರರ ಊರು. ಹಳದಿ ಗೋಡೆ, ಕೆಂಪು ಹೆಂಚು, ಕೈಗಾಡಿ ಹೋಗುವಷ್ಟೇ ಅಗಲದ ಓಣಿ. ನಮ್ಮವರು ಹೆಂಚನ್ನೇ ಪರೀಕ್ಷೆ ಮಾಡುತ್ತ ನಿಂತರು. ಮಂಗಳೂರು ಹೆಂಚಿನ ಹಾಗಿಲ್ಲ, ಅಲೆ ಅಲೆಯಾಗಿದೆ. 1521ರ ಸುಮಾರಿಗೆ ಎರಡನೇ ಕ್ರಿಶ್ಚಿಯನ್ ಎಂಬ ರಾಜ ಹಾಲೆಂಡಿನಿಂದ ರೈತರನ್ನು ಕರೆಸಿ, ತರಕಾರಿ ಬೆಳೆಯಿರಿ ಅಂತ ಪಕ್ಕದ ಹಳ್ಳಿಯಲ್ಲಿ ನೆಲೆ ಕೊಟ್ಟಿದ್ದ. ‘ನೋಡಮ್ಮ, ಅವರೂ ನನ್ನ ಥರ ಕೆಲಸದ ವೀಸಾದಲ್ಲಿ ಬಂದವರು’ ಅಂದಳು ಮಗಳು.

ಕೆಲವು ಕಿಟಕಿಗಳ ಹೊರಗೆ ಸ್ಕೂಟರಿನ ಕನ್ನಡಿಯಂಥ ಪುಟ್ಟ ಕನ್ನಡಿ ಇತ್ತು. ಬೀದಿಯಲ್ಲಿ ಯಾರು ಬಂದರು, ಯಾರು ಹೋದರು ಎಲ್ಲ ಒಳಗೆ ಕೂತೇ ನೋಡಬಹುದು. ಚಾಡಿ ಕನ್ನಡಿ ಅಂತಲೇ ಅದಕ್ಕೆ ಹೆಸರಂತೆ. ನಮ್ಮ ಬೀದಿಗೆ ಅದರ ಖರ್ಚು ಬೇಡ. ನಾವು ಜಗಲಿಯಲ್ಲೇ ಕೂರುತ್ತೇವೆ.

ರೀಬೆ ದೂರ. ರೈಲಿನಲ್ಲಿ ಮೂರು ಗಂಟೆಗೂ ಜಾಸ್ತಿ. ಡೆನ್ಮಾರ್ಕಿನ ಎಲ್ಲಕ್ಕಿಂತ ಹಳೆಯ ಊರು ಅದು. ಎಂಟನೇ ಶತಮಾನದ ಶುರುವಿನಲ್ಲೇ ಅಲ್ಲಿ ಹೊಳೆ ದಂಡೆಯಲ್ಲಿ ಸಂತೆ ನಡೆಯುತ್ತಿತ್ತು. ಈಗ ಸುಮಾರು ಎಂಟು ಸಾವಿರ ಜನ. ಮರದ ತೊಲೆಗಳ ನಡುವೆ ಇಟ್ಟಿಗೆ ತುಂಬಿ ಕಟ್ಟಿದ ಮನೆಗಳು ಸೊಟ್ಟಗಾಗಿ, ಪಕ್ಕದ ಮನೆಗೆ ಒರಗಿಕೊಂಡು ನಿಂತಿವೆ. ಬೀದಿ ತುಂಬ ಉರುಟು ಕಲ್ಲು. ನಮ್ಮವರ ಮಂಡಿಗೆ ಆ ಕಲ್ಲು ಆಗಿಬರಲಿಲ್ಲ. ನೂರು ಹೆಜ್ಜೆಗೊಮ್ಮೆ ಬೆಂಚು ಹುಡುಕುತ್ತಿದ್ದರು.

ಆ ಬೆಂಚಿನ ವಿಷಯ ಸ್ವಲ್ಪ ಹೇಳಬೇಕು. ಕೋಪನ್‌ಹೇಗನ್ ಮನೆಯಲ್ಲಿ ಮಗಳು ಸಂಜೆ ಬಂದ ಮೇಲೂ ಲ್ಯಾಪ್‌ಟಾಪ್ ಮುಚ್ಚುತ್ತಿರಲಿಲ್ಲ. ನಾವು ಅಡುಗೆ ಮಾಡಿ ಕಾಯುತ್ತಿದ್ದೆವು. ಅವಳ ಮನೆಯಲ್ಲಿ ನಾವು ನೆಂಟರು, ಅದೊಂದು ಥರ ಮುಜುಗರ. ರೀಬೆಯಲ್ಲಿ ಎರಡು ಗಂಟೆಯಲ್ಲಿ ಊರೇ ಮುಗಿಯಿತು. ಶನಿವಾರ ಮಧ್ಯಾಹ್ನ ಅಂಗಡಿಗಳೂ ಒಂದೊಂದಾಗಿ ಬಾಗಿಲು ಹಾಕಿದವು. ಮುಂದಿನ ರೈಲು ನಮಗೆ ನಾಳೆ. ಸುಮ್ನೆ ಹೊಳೆ ದಂಡೆಯಲ್ಲಿ ಕೂತೆವು. ಆಗ ಅವಳು ಮೊದಲ ಚಳಿಗಾಲದ ಕಥೆ ತೆಗೆದಳು. ಮಧ್ಯಾಹ್ನ ಮೂರೂವರೆ ದಾಟಿದರೆ ಕತ್ತಲು. ಫೋನಿನಲ್ಲಿ ನಮಗೆ ‘ಊಟ ಆಯ್ತು’ ಅಂತ ಸುಳ್ಳು ಹೇಳಿ, ಬ್ರೆಡ್ ತಿಂದು ಮಲಗುತ್ತಿದ್ದಳಂತೆ. ದಿನಾ ವಿಡಿಯೋ ಕಾಲ್ ಮಾಡಿದರೂ ಒಂಬತ್ತು ತಿಂಗಳು ಹೊರಗೆ ಬಾರದ ಮಾತು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ನಮ್ಮವರು ಚಕ್ಕುಲಿ ಡಬ್ಬವನ್ನು ಅವಳ ಕಡೆ ಸರಿಸಿದರು.

ಅದೇ ದಂಡೆಯಲ್ಲಿ ಒಂದು ಕಂಬ ಇದೆ. ಯಾವ ವರ್ಷ ಸಮುದ್ರ ಉಕ್ಕಿ ನೀರು ಎಲ್ಲಿಯವರೆಗೆ ಬಂತು ಅಂತ ಅದರ ಮೇಲೆ ಗುರುತು ಹಾಕಿದ್ದಾರೆ. ಎಲ್ಲಕ್ಕಿಂತ ಮೇಲಿನದು 1634ರದು, ಸಮುದ್ರದ ಮಾಮೂಲಿ ಮಟ್ಟಕ್ಕಿಂತ ಆರು ಮೀಟರ್ ಮೇಲೆ. ಕತ್ತು ಎತ್ತಿ ನೋಡಬೇಕು. ತುಂಗೆ ಉಕ್ಕಿದರೆ ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ಮುಳುಗಿತಾ ಅಂತ ಕೊಡೆ ಹಿಡಿದು ನೋಡಲು ಓಡುವ ಊರಿನವರು ನಾವು. ಬಿಡುತ್ತೇವಾ? ಕಂಬದ ಮುಂದೆ ಅರ್ಧ ಗಂಟೆ ನಿಂತೆವು. ಅಷ್ಟು ದೊಡ್ಡ ಚರ್ಚಿಗೆ ಕೊಟ್ಟದ್ದು ಹತ್ತು ನಿಮಿಷ.

ಇನ್ನೊಂದು ಕಥೆ ನಮ್ಮವರಿಗೆ ಹಿಡಿಸಿತು. ಜೇಕಬ್ ರೀಸ್ ಅಂತ, ನ್ಯೂಯಾರ್ಕಿನ ಕೊಳೆಗೇರಿಗಳ ಫೋಟೋ ತೆಗೆದು ಹೆಸರಾದ ಪತ್ರಕರ್ತ. 1849ರಲ್ಲಿ ಹುಟ್ಟಿದ್ದು ರೀಬೆಯಲ್ಲಿ. 1870ರಲ್ಲಿ, 21ನೇ ವಯಸ್ಸಿಗೆ ಅಮೆರಿಕದ ಹಡಗು ಹತ್ತಿದ. ಅವನ ಅಪ್ಪ ಇದೇ ಊರಿನ ಶಾಲೆಯಲ್ಲಿ ಮೇಷ್ಟ್ರು. ನಮ್ಮವರೂ ಮೇಷ್ಟ್ರೇ. ‘ಕಾಗದ ಬರೋವರೆಗೆ ಆ ಮೇಷ್ಟ್ರು ಏನ್ ಮಾಡ್ತಿದ್ರೋ’ ಅಂತ ರಾತ್ರಿಯವರೆಗೂ ಅದನ್ನೇ ಹೇಳಿದರು.

ರಾತ್ರಿ ಅನ್ನುವುದೂ ತಪ್ಪು. ಜೂನ್ ತಿಂಗಳು, ಹತ್ತು ಗಂಟೆಗೂ ಬೆಳಕು. ಸಂಜೆ ದೀಪ ಯಾವಾಗ ಹಚ್ಚಬೇಕು ಅನ್ನುವ ನನ್ನ ಗೊಂದಲ ಎಪ್ಪತ್ತು ದಿನವೂ ಬಗೆಹರಿಯಲಿಲ್ಲ. ಹತ್ತಕ್ಕೆ ಹೋಟೆಲಿನ ಮುಂದೆ ಕಾವಲುಗಾರ ಬಂದ. ಕೈಯಲ್ಲಿ ಲಾಂದ್ರ, ಇನ್ನೊಂದು ಕೈಯಲ್ಲಿ ಮುಳ್ಳುಗಳಿರುವ ಗದೆ. ಹಿಂದಿನ ಕಾಲದ ಹಾಗೆ ಮೂಲೆ ಮೂಲೆಯಲ್ಲಿ ನಿಂತು ಹಾಡುತ್ತಾನೆ, ಊರಿನ ಕಥೆ ಹೇಳುತ್ತಾನೆ. ದುಡ್ಡು ಕೇಳುವುದಿಲ್ಲ. ಬೆಳಕಿನಲ್ಲೇ ಲಾಂದ್ರ ಹಿಡಿದವನ ಹಿಂದೆ ನಾವು ಮೂವರೂ ನಡೆದೆವು. ನಮ್ಮ ಬೀದಿಯ ಗೂರ್ಖಾ ಸೀಟಿ ಊದುವುದು ನೆನಪಾಗಿ ಮಗಳು ನಗಲು ಶುರು ಮಾಡಿದಳು, ಆಮೇಲೆ ನಾನು. ಪಕ್ಕದವರು ತಿರುಗಿ ನೋಡಿದರು.

ಮರುದಿನ ಎಸ್‌ಬ್ಯರ್ಗ್‌ಗೆ ಹೋಗಿ, ಅಲ್ಲಿಂದ ಹನ್ನೆರಡು ನಿಮಿಷದ ದೋಣಿಯಲ್ಲಿ ಫಾನೋ ದ್ವೀಪ. ಅದರ ತೆಂಕಣ ತುದಿಯಲ್ಲಿ ಸೊನರ್‌ಹೋ ಅನ್ನುವ ಹಳ್ಳಿ. ಹುಲ್ಲು ಹೊದಿಸಿದ ಮನೆಗಳೆಲ್ಲ ಪೂರ್ವ-ಪಶ್ಚಿಮವಾಗಿ ಉದ್ದಕ್ಕೆ ಮಲಗಿವೆ. ವಾಸ್ತು ಅಲ್ಲ, ಪಡುವಣ ಗಾಳಿಗೆ ಹೆದರಿ ಕಟ್ಟಿದ್ದು. ಕಿಟಕಿಗಳಲ್ಲಿ ಪಿಂಗಾಣಿ ನಾಯಿಗಳ ಜೋಡಿ. ನಾವಿಕರು ಇಂಗ್ಲೆಂಡಿನಿಂದ ತರುತ್ತಿದ್ದರಂತೆ. ಗಂಡ ಸಮುದ್ರಕ್ಕೆ ಹೋಗಿದ್ದರೆ ನಾಯಿಯ ಮುಖ ಹೊರಗೆ, ಮನೆಯಲ್ಲಿದ್ದರೆ ಒಳಗೆ ಅಂತ ಅಲ್ಲಿನ ಮಾತು. ‘ನಮ್ಮನೆ ಶೋಕೇಸಲ್ಲಿ ಏನಿದೆ ತಿರುಗಿಸೋಕೆ?’ ಅಂತ ಮಗಳು ಕೇಳಿದಳು. ‘ಚನ್ನಪಟ್ಟಣದ ಗೊಂಬೆ ಇದೆ, ತಲೆ ಅಲ್ಲಾಡುತ್ತೆ, ಯಾವ ಕಡೆ ಬೇಕಾದ್ರೂ ನೋಡುತ್ತೆ’ ಅಂದೆ.

ಆಮೇಲೆ ಸಮುದ್ರ ದಂಡೆ. ಮರಳು ಎಷ್ಟು ಗಟ್ಟಿ ಅಂದರೆ ಕಾರುಗಳು ಅದರ ಮೇಲೇ ಓಡಾಡುತ್ತವೆ. ಗಾಳಿಗೆ ಮೂವರೂ ಸ್ವೆಟರ್ ಹಾಕಿ, ಬೆನ್ನು ತಿರುಗಿಸಿ ಕೂತು, ಸ್ಟೀಲ್ ಡಬ್ಬದಿಂದ ಚಿತ್ರಾನ್ನ ತಿಂದೆವು. ಆ ಕಡೆ ಹೋಗುತ್ತಿದ್ದ ಒಬ್ಬ ಹೆಂಗಸು ನಮ್ಮ ಫೋಟೋ ತೆಗೆದುಕೊಟ್ಟರು. ಈಗ ಯಾರಾದರೂ ಪ್ಯಾರಿಸ್ ಬಗ್ಗೆ ಕೇಳಿದರೆ ಫೋನಿನಲ್ಲಿ ಅದನ್ನೇ ತೋರಿಸುತ್ತೇನೆ. ಮೊನ್ನೆ ಮದುವೆ ಮನೆಯಲ್ಲಿ ದೂರದ ಅತ್ತಿಗೆಯೊಬ್ಬರು ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು.

‘ಇದು ಮಲ್ಪೆ ಅಲ್ವಾ? ಸ್ವೆಟರ್ ಯಾಕೆ ಹಾಕಿದೀರಿ?’