ಕಪ್ಪು ಒಂದರ ತಬಲಾ

ನಾಟಕ ಗೊತ್ತಾದ ವಾರದಲ್ಲೇ ನಮ್ಮ ತಂಡದಲ್ಲಿ ಒಬ್ಬೊಬ್ಬರ ಬಾಯಲ್ಲೂ ಒಂದೊಂದು ಹಾಡು ರೆಡಿ ಇರುತ್ತಿತ್ತು. ಹಾರ್ಮೋನಿಯಂ ಮೇಷ್ಟ್ರು ಮಾತ್ರ ಹಾಡು ಆಮೇಲೆ, ಮೊದಲು ಗಂಟಲು ನೋಡೋಣ ಅನ್ನುತ್ತಿದ್ದರು. ದಾವಣಗೆರೆ ಹೇಳಿ ಕೇಳಿ ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. ಮಾತು ತಪ್ಪಿದರೆ ಜನ ಕ್ಷಮಿಸಿಯಾರು, ಶ್ರುತಿ ತಪ್ಪಿದರೆ ಶಿಳ್ಳೆ ಗ್ಯಾರಂಟಿ.

ಹುಡುಗರ ಗಂಟಲು ಸಾಮಾನ್ಯವಾಗಿ ಕಪ್ಪು ಒಂದಕ್ಕೆ, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಯ (ಕೀಲಿಯ) ಶ್ರುತಿಗೆ ನಿಲ್ಲುತ್ತದೆ, ಹುಡುಗಿಯರದು ಕಪ್ಪು ನಾಲ್ಕಕ್ಕೆ. ಹಾರ್ಮೋನಿಯಂಗೆ ಅದೇನೂ ತೊಂದರೆಯಲ್ಲ, ಮನೆ ಬದಲಿಸಿದರಾಯಿತು. ಕಷ್ಟವೆಲ್ಲ ತಬಲಾದವರಿಗೆ. ದೃಶ್ಯ ದೃಶ್ಯದ ನಡುವೆ ಶ್ರುತಿ ಬದಲಿಸಲು ಸುತ್ತಿಗೆ ಹಿಡಿದು ಕುಟ್ಟುತ್ತ ಕೂತರೆ ಆ ಸದ್ದು ಸಭೆಗೆಲ್ಲ ಕೇಳುತ್ತದೆ. ಅದಕ್ಕೇ ಬಲಗೈ ತಬಲಾವನ್ನು ಕಪ್ಪು ಒಂದಕ್ಕೆ ಸೇರಿಸಿ ನಾಟಕ ಮುಗಿಯುವವರೆಗೂ ಮುಟ್ಟುತ್ತಿರಲಿಲ್ಲ. ಕಪ್ಪು ನಾಲ್ಕರ ಹಾಡಿಗೆ ಅದೇ ಸ್ವರ ಮಧ್ಯಮ (ಮ) ಆಗುತ್ತದೆ. ಬಾಗೇಶ್ರೀ, ಮಾಲಕಂಸ್ ರಾಗಗಳಿಗೆ ಸೊಗಸಾಗಿ ಹೊಂದುತ್ತದೆ. ಭೂಪ್ ರಾಗದಲ್ಲಿ ಮಧ್ಯಮವೇ ಇಲ್ಲ, ಹಾಗಾಗಿ ಒಂದೊಂದು ಪೆಟ್ಟೂ ಕಿವಿಗೆ ಚುಚ್ಚುತ್ತದೆ. ಆಗ ಹಾಡನ್ನು ಕಪ್ಪು ಮೂರಕ್ಕೆ ಇಳಿಸಬೇಕು. ಮುಟ್ಟದೆಯೇ ತಬಲಾ ಪಂಚಮ (ಪ) ಆಗುತ್ತದೆ, ತಾರಸ್ಥಾಯಿಯಲ್ಲಿ ಕಿರುಚುವುದೂ ತಪ್ಪುತ್ತದೆ.

ಹಾಡು ಎಷ್ಟುದ್ದ ಅಂದರೆ ಪಲ್ಲವಿ, ಒಂದು ಚರಣ ಸಾಕು. ಕುಣಿಯುವವರಿಂದ ಹಾಡಿಸಬಾರದು, ಮೇಳಕ್ಕೆ ಬಿಡಬೇಕು.

ಎತ್ತುಗಡೆಯದೇ, ಅಂದರೆ ಹಾಡು ಶುರುಮಾಡುವುದರದೇ ದೊಡ್ಡ ಫಜೀತಿ. ಹಾಡಿಗೆ ಮುಂಚಿನ ಮಾತಿನ ಕೊನೆಯ ಸಾಲು ನಡೆಯುತ್ತಿರುವಾಗಲೇ ಹಾರ್ಮೋನಿಯಂನವರು ಷಡ್ಜವನ್ನು (ಸ) ಮೆಲ್ಲಗೆ ಒತ್ತಿ ಹಿಡಿದಿರಬೇಕು. ಇಲ್ಲವಾದರೆ ನಟ ಆವೇಶದಲ್ಲಿ ಬಾಯಿಗೆ ಬಂದ ಸ್ವರದಿಂದ ಎತ್ತಿಬಿಡುತ್ತಾನೆ. ಹಾರ್ಮೋನಿಯಂ ಪೆಟ್ಟಿಗೆಯವರು ಹೇಗೋ ಮನೆ ಹುಡುಕಿಕೊಂಡು ಹಿಂದೆ ಓಡಬಹುದು, ತಬಲಾ ಓಡಲಾರದು.

ವಚನಗಳ ಲೆಕ್ಕವೇ ಬೇರೆ. ಸಾಲುಗಳು ಒಂದಳತೆಯವಲ್ಲ. ತಾಳದ ಆವರ್ತಕ್ಕೆ ಎಳೆದು ಕಟ್ಟಿದರೆ ಅರ್ಥ ನಡುವೆಯೇ ತುಂಡಾಗುತ್ತದೆ. ಏಕತಾರಿಯ ಶ್ರುತಿಗೆ ಬಿಡಿಯಾಗಿ ಹಾಡಿ, ಅಂಕಿತದ ಸಾಲಿಗೆ ಮಾತ್ರ ತಾಳ ಹಿಡಿಯುವುದು ನನಗೆ ಇಂದಿಗೂ ಸರಿಯೆನಿಸುತ್ತದೆ.

ತಮಟೆ, ಉರುಮೆಯ ಆಸೆ ಎಲ್ಲರಿಗೂ. ಸಾಣೇಹಳ್ಳಿಯಂಥ ಬಯಲು ರಂಗಮಂದಿರದಲ್ಲಿ ಅವು ಚಂದ. ತಗಡಿನ ಸೂರಿನ ಸಭಾಂಗಣದಲ್ಲಿ ಮಾತನ್ನೇ ನುಂಗುತ್ತವೆ. ಅಲ್ಲಿ ಒಂದೇ ತಮಟೆ, ಅದೂ ಸೈಡ್ ವಿಂಗಿನ ಹಿಂದಿನಿಂದ. ಬಯಲಿನಲ್ಲಿ ನವೆಂಬರ್ ಇಬ್ಬನಿಗೆ ಚರ್ಮ ಸಡಿಲಾಗಿ ಸದ್ದು ಡಬಡಬ ಎನ್ನುತ್ತದೆ. ಒಣಹುಲ್ಲಿನ ಉರಿಗೆ ಕಾಯಿಸಿ, ಪ್ರವೇಶಕ್ಕೆ ಸ್ವಲ್ಪ ಮೊದಲಷ್ಟೇ ಒಳಗೆ ತರಬೇಕು, ಆ ಬಿಗಿ ಬಹಳ ಹೊತ್ತು ನಿಲ್ಲದು. ಫೈಬರ್ ತಮಟೆಗೆ ಈ ರಗಳೆಯಿಲ್ಲ, ಆದರೆ ಆ ಗುಡುಗೂ ಇಲ್ಲ. ತಬಲಾವನ್ನು ಮಾತ್ರ ಬೆಂಕಿಯ ಹತ್ತಿರ ಒಯ್ಯಬಾರದು, ನಡುವಿನ ಕಪ್ಪು ಕರಣೆ ಬಿರುಕು ಬಿಡುತ್ತದೆ.