ಸೇವೆ ಸಾಕಿತ್ತು, ಪಂಚಾಯತಿ ಯಾಕೆ ಅಂತ ಕೇಳುವವರಿಗೆ

"ಪೊರ್ಬುಲೆ, ಸಮಾಜಸೇವೆ ಮಾಡ್ತಿದ್ರಿ, ಒಳ್ಳೇದಿತ್ತು. ಈ ರಾಜಕೀಯ ಎಂತಕ್ಕೆ ಮಾರಾಯ್ರೆ?"

ಪೊರ್ಬು ಅಂದರೆ ನಮ್ಮ ಕಡೆ ಕ್ರೈಸ್ತರನ್ನು ಕರೆಯುವ ತುಳು ಮಾತು. ಗೂಡಂಗಡಿಯಲ್ಲಿ ಕೇಳುತ್ತಾರೆ. ಮದುವೆ ಊಟದ ಸಾಲಿನಲ್ಲಿ ಕೇಳುತ್ತಾರೆ. ಭಾನುವಾರ ಪೂಜೆ ಮುಗಿಸಿ ಇಗರ್ಜಿಯ ಅಂಗಳಕ್ಕೆ ಇಳಿದರೆ ಅಲ್ಲೂ ಕೇಳುತ್ತಾರೆ. ಕೇಳುವವರಿಗೆ ನನ್ನ ಮೇಲೆ ಪ್ರೀತಿ ಇದೆ, ಅದು ಗೊತ್ತು. ಆದರೆ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ನಾನು ದಕ್ಷಿಣ ಕನ್ನಡದ ಹಳ್ಳಿಯವನು, ಕಥೊಲಿಕ. ಶಾಲೆಯಲ್ಲಿದ್ದಾಗ ವೈಸಿಎಸ್, ಆಮೇಲೆ ಐಸಿವೈಎಂ, ಅಂದರೆ ನಮ್ಮ ಯುವಜನರ ಸಂಘಟನೆಗಳಲ್ಲೇ ಬೆಳೆದವನು. 2020ರ ಡಿಸೆಂಬರಿನ ಚುನಾವಣೆಯಲ್ಲಿ ಗೆದ್ದು ಗ್ರಾಮ ಪಂಚಾಯತಿ ಸದಸ್ಯನಾದೆ.

ಮೊದಲು ಒಂದು ಮಾತು. "ನಿಮ್ಮಂಥ ಒಳ್ಳೆಯವರಿಗೆ ರಾಜಕೀಯ ಅಲ್ಲ" ಅನ್ನುವುದನ್ನು ದಯವಿಟ್ಟು ನಿಲ್ಲಿಸಿ. ಅದು ಹೊಗಳಿಕೆ ಅಲ್ಲ. ಒಳ್ಳೆಯವರು ಮನೆಯಲ್ಲಿರಲಿ ಅಂತ ನೀವೇ ಹೇಳಿ, ಆಮೇಲೆ ಪಂಚಾಯತಿಯಲ್ಲಿ ಒಳ್ಳೆಯವರೇ ಇಲ್ಲ ಅಂತ ನೀವೇ ಬೈದರೆ ಹೇಗೆ?

"ಚರ್ಚಿನವರು ಚುನಾವಣೆಗೆ ನಿಲ್ಲಿಸಿದ್ದಾ?" ಇದು ಇನ್ನೊಂದು. ಇಲ್ಲ. ನಮ್ಮ ಧರ್ಮಗುರುಗಳು ಸರ್ಕಾರಿ ಅಧಿಕಾರದ ಸ್ಥಾನ ಹಿಡಿಯಬಾರದು ಅಂತ 1983ರ ಚರ್ಚ್ ಕಾನೂನಿನಲ್ಲೇ ಇದೆ. ನನ್ನಂಥ ಸಾಮಾನ್ಯ ವಿಶ್ವಾಸಿಗೆ ಆ ತಡೆ ಇಲ್ಲ. ಬದಲಿಗೆ, ಜನರಿಗಾಗಿ ಈ ಹೊರೆ ಹೊರುವವರ ಕೆಲಸವನ್ನು 2ನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಮೆಚ್ಚಿ ಬರೆದಿದೆ. ರಾಜಕಾರಣಿಗಳಿಗೆ ಒಬ್ಬ ಪಾಲಕ ಸಂತರೂ ಇದ್ದಾರೆ, ಥಾಮಸ್ ಮೋರ್. 2000ದಲ್ಲಿ ಪೋಪ್ 2ನೇ ಜಾನ್ ಪಾಲ್ ಅದನ್ನು ಘೋಷಿಸಿದರು. ನಮ್ಮ ಕರಾವಳಿಗೂ ಇದು ಹೊಸದಲ್ಲ. ಆಸ್ಕರ್ ಫೆರ್ನಾಂಡಿಸ್ ದೆಹಲಿಗೆ ಹೋಗುವ ಮೊದಲು ಉಡುಪಿ ಪುರಸಭೆಯ ಸದಸ್ಯರಾಗಿದ್ದರು. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಪಾದ್ರಿ ಆಗಲು ಸೆಮಿನರಿಗೆ ಹೋದವರು, ಅದನ್ನು ಬಿಟ್ಟು ಮುಂಬಯಿಯ ಕಾರ್ಮಿಕರ ನಡುವೆ ನಿಂತರು.

"ನಿಮ್ಮವರ ಓಟು ಇತ್ತಲ್ಲ" ಅನ್ನುವವರಿಗೂ ಉತ್ತರ ಇಲ್ಲೇ ಇರಲಿ. 2011ರ ಜನಗಣತಿ ಪ್ರಕಾರ ಜಿಲ್ಲೆಯಲ್ಲಿ ಕ್ರೈಸ್ತರು ಶೇಕಡಾ 8ರ ಆಸುಪಾಸು. ನನ್ನ ವಾರ್ಡಿನಲ್ಲೂ ನಾವು ಕಡಿಮೆ. ಬಿಲ್ಲವರ ಮನೆ, ಬ್ಯಾರಿಗಳ ಮನೆ, ಕಾಲೊನಿಯ ಮನೆ ಎಲ್ಲ ಕಡೆಯಿಂದ ಓಟು ಬಂದದ್ದಕ್ಕೇ ಗೆದ್ದೆ.

ಈಗ ನಿಜವಾದ ಕಾರಣ.

ನಮ್ಮೂರಲ್ಲಿ ಒಂದು ತೋಡು, ಅಂದರೆ ಸಣ್ಣ ಹಳ್ಳ ಇದೆ. ಮಳೆಗಾಲದಲ್ಲಿ ಆಚೆ ಬದಿಯ ಮಕ್ಕಳಿಗೆ ಶಾಲೆಗೆ ಬರಲು ಅದೇ ದಾರಿ. ಪ್ರತಿ ವರ್ಷ ಮೇ ಕೊನೆಗೆ ನಾವು ಹುಡುಗರು ಸೇರಿ ಅಡಿಕೆ ಮರ ಅಡ್ಡ ಹಾಕಿ ಕಾಲುಸಂಕ ಕಟ್ಟುತ್ತಿದ್ದೆವು. ಹಿಡಿಯಲು ಹಗ್ಗ ಬಿಗಿಯುತ್ತಿದ್ದೆವು. ಭಾನುವಾರ ಇಗರ್ಜಿಯಲ್ಲಿ ಚಪ್ಪಾಳೆ ಸಿಗುತ್ತಿತ್ತು. ಜುಲೈಯಲ್ಲಿ ನೀರು ಜಾಸ್ತಿ ಆದರೆ ಸಂಕ ಹೋಗುತ್ತಿತ್ತು. ಮತ್ತೆ ಕಟ್ಟುತ್ತಿದ್ದೆವು. ಒಂದು ಸಲ ಮರ ಹೊತ್ತು ನಡೆಯುವಾಗ ನಮ್ಮಲ್ಲೇ ಚಿಕ್ಕವನೊಬ್ಬ ಕೇಳಿದ: "ಅಣ್ಣಾ, ತೋಡಿಗೆ ವರ್ಷ ವರ್ಷ ಅಡಿಕೆ ಮರ ಹರಕೆ ಹೇಳಿದ್ದೇವಾ ನಾವು?" ಎಲ್ಲರೂ ಬಿದ್ದು ಬಿದ್ದು ನಕ್ಕೆವು. ನಗು ನಿಂತ ಮೇಲೆ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ವೈಸಿಎಸ್‌ನಲ್ಲಿ ನಮಗೆ ಕಲಿಸಿದ್ದು ಮೂರು ಹೆಜ್ಜೆ: ನೋಡು, ಯೋಚಿಸು, ಕೆಲಸಕ್ಕಿಳಿ. ಬೆಲ್ಜಿಯಂನಲ್ಲಿ ದುಡಿಯುವ ಹುಡುಗ ಹುಡುಗಿಯರ ಜೊತೆ ಇದ್ದ ಜೋಸೆಫ್ ಕಾರ್ಡಿನ್ ಎಂಬ ಪಾದ್ರಿ ಹಾಕಿಕೊಟ್ಟ ದಾರಿ ಅದು. ಹುಡುಗನ ಪ್ರಶ್ನೆ ನಡುವಿನ ಹೆಜ್ಜೆಯದ್ದು. ಇಲ್ಲಿ ಗಟ್ಟಿ ಸಂಕ ಯಾಕಿಲ್ಲ? ಯಾರು ಕಟ್ಟಬೇಕು?

ಗ್ರಾಮಸಭೆಗೆ ಅರ್ಜಿ ಹಿಡಿದು ಹೋದೆವು. "ಕ್ರಿಯಾಯೋಜನೆಯಲ್ಲಿ ಇಲ್ಲ, ಮುಂದಿನ ವರ್ಷ ನೋಡುವ" ಅಂದರು. ಮುಂದಿನ ವರ್ಷವೂ ಅದೇ ಮಾತು. ಆಗ ನಾನು ಕ್ರಿಯಾಯೋಜನೆ ಅಂದರೆ ಎಂತ, ಅದನ್ನು ಯಾರು ಬರೆಯುತ್ತಾರೆ ಅಂತ ಓದಲು ಕೂತೆ. ಪಂಚಾಯತಿ ಆ ವರ್ಷ ಮಾಡುವ ಕೆಲಸಗಳ ಪಟ್ಟಿ ಅದು. 2020ರಲ್ಲಿ ಕೇಂದ್ರದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ 100 ರೂಪಾಯಿ ಬಂದರೆ 50 ರೂಪಾಯಿ ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದ 50ರಲ್ಲಿ ರಸ್ತೆ, ಮೋರಿ, ಸಂಕ ಎಲ್ಲ. ಆ 50ಕ್ಕೆ ಪ್ರತಿ ವಾರ್ಡಿನವರೂ ಕೈ ಚಾಚುತ್ತಿದ್ದರು. ನಮ್ಮ ತೋಡಿನ ಹೆಸರು ಹೇಳಲು ಆ ಮೇಜಿನಲ್ಲಿ ಯಾರೂ ಇರಲಿಲ್ಲ. ಅಷ್ಟೇ ವಿಷಯ.

ಇನ್ನೊಂದು ಓದಿದಾಗ ಸಿಟ್ಟೇ ಬಂತು. ಪಂಚಾಯತಿಯ ಸ್ವಂತ ಆದಾಯದಲ್ಲಿ ಶೇಕಡಾ 5ನ್ನು ವಿಕಲಚೇತನರಿಗೆ, ಶೇಕಡಾ 25ನ್ನು ಪರಿಶಿಷ್ಟ ಜಾತಿ, ಪಂಗಡದವರಿಗೆ ಖರ್ಚು ಮಾಡಲೇಬೇಕು. ನಾವು ಕ್ರಿಸ್ಮಸ್ ಹೊತ್ತಿಗೆ ಮನೆಮನೆ ಸುತ್ತಿ ಹಣ ಒಟ್ಟು ಮಾಡಿ ಒಬ್ಬರಿಗೆ ವೀಲ್‌ಚೇರ್ ಕೊಡಿಸಿದ್ದೆವು. ಅವರು ಕೈ ಮುಗಿದಿದ್ದರು. ಕೈ ಮುಗಿಯದೆ, ತಲೆ ಎತ್ತಿ ಕೇಳಿ ಪಡೆಯಬಹುದಾದ ಹಣ ಅವರ ಹೆಸರಲ್ಲೇ ಇದೆ ಅಂತ ಅವರಿಗೂ ಯಾರೂ ಹೇಳಿರಲಿಲ್ಲ, ನಮಗೂ ಹೇಳಿರಲಿಲ್ಲ. ಕೊಡುವವರ ಮನಸ್ಸು ದೊಡ್ಡದಿದ್ದರೆ ಮಾತ್ರ ಸಿಗುವುದು ದಾನ. ಮನಸ್ಸಿಲ್ಲದಿದ್ದರೂ ಕೊಡಲೇಬೇಕಾದದ್ದು ಪಂಚಾಯತಿಯ ಹಣ. ಅದಕ್ಕೇ ನಾಮಪತ್ರ ಹಾಕಿದೆ. ಸೇವೆ ಬಿಟ್ಟು ಬಂದವನಲ್ಲ ನಾನು. ಆ ಕೆಲಸವನ್ನೇ ಹಿಡಿದುಕೊಂಡು ಒಳಗೆ ಬಂದೆ.

ಸಂಕ ಆಯಿತಾ ಅಂತ ಕೇಳುತ್ತೀರಿ. ಆಯಿತು. ತಡವಾಯಿತು, ಬೇರೆ ವಾರ್ಡಿನ ಸದಸ್ಯರು ತಮ್ಮ ಮೋರಿ ಕೆಲಸ ಒಂದು ವರ್ಷ ಮುಂದೆ ಹಾಕಿದ್ದರಿಂದ ಆಯಿತು. ಅವರು ನನ್ನ ಜಾತಿಯವರೂ ಅಲ್ಲ, ಪಂಚಾಯತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲದಿದ್ದರೂ ಎಲ್ಲರಿಗೂ ಗೊತ್ತಿರುವ ಹಾಗೆ ನನ್ನ ಕಡೆಯವರೂ ಅಲ್ಲ. ಅವರಿಗೆ ನಾನು ಋಣಿ.

ಆದರೆ ಇಷ್ಟು ವರ್ಷದಲ್ಲಿ ಒಂದು ಪ್ರಶ್ನೆಯನ್ನು ಯಾರೂ ಕೇಳಿಲ್ಲ. ಊರಲ್ಲೇ ಉಳಿದ ಹುಡುಗ ಹುಡುಗಿಯರಿಗೆ ಪಂಚಾಯತಿ ಏನು ಮಾಡಿದೆ? ಇದನ್ನು ಕೇಳಿ, ಕೂತು ಮಾತಾಡುವ. ಗಲ್ಫಿಗೆ, ಇಸ್ರೇಲಿಗೆ ಹೋದವರ ಸುದ್ದಿ ಎಲ್ಲರ ಬಾಯಲ್ಲಿದೆ. ರಬ್ಬರ್ ಟ್ಯಾಪಿಂಗ್ ಮಾಡುವವನು, ರಿಕ್ಷಾ ಓಡಿಸುವವನು, ಬೀಡಿ ಕಟ್ಟುತ್ತಾ ಡಿಗ್ರಿ ಓದುವವಳು, ಇವರ ಸುದ್ದಿ ಯಾರಿಗೆ ಬೇಕು? ಪಂಚಾಯತಿ ಲೈಬ್ರರಿ ಈಗ ಅರಿವು ಕೇಂದ್ರ ಆಗಿದೆ. ಕೆಲಸಕ್ಕೆ ಹೋಗುವವರು ಮನೆಗೆ ಬರುವ ಹೊತ್ತಿಗೆ ಅದರ ಬಾಗಿಲು ಹಾಕಿದ್ದರೆ ಪುಸ್ತಕ, ಕಂಪ್ಯೂಟರ್ ಯಾರಿಗೆ? ಸಂಜೆ ತೆರೆದಿಡಿ ಅಂತ ನಾನು ಕೇಳುತ್ತಲೇ ಇದ್ದೇನೆ. ವಾಲಿಬಾಲ್ ಅಂಗಳಕ್ಕೆ ದೀಪ ಬೇಕು ಅಂತಲೂ. ಗಾಂಜಾದ ಬಗ್ಗೆ ಭಾಷಣ ಮಾಡುವವರು ಸಂಜೆ ಆರರ ಮೇಲೆ ಮಕ್ಕಳು ಹೋಗಲು ಒಂದು ಜಾಗ ಮಾಡಿಕೊಡಲಿ ಮೊದಲು.

ಗ್ರಾಮಸಭೆಯಲ್ಲಿ ಈ ಮಾತು ನಾನೊಬ್ಬನೇ ಎತ್ತಿದರೆ ಸಾಲದು. ಆ ಕುರ್ಚಿಗಳಲ್ಲಿ ಅವರೇ ಇರಬೇಕು. 18 ತುಂಬಿದರೆ ಓಟು, 21 ತುಂಬಿದರೆ ಪಂಚಾಯತಿಗೆ ನಿಲ್ಲಬಹುದು. ನಿಮ್ಮ ಮನೆಯಲ್ಲಿ 18 ತುಂಬಿದ ಮಕ್ಕಳಿದ್ದು ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಕಳಿಸಿಕೊಡಿ. ಫಾರ್ಮ್ 6 ನನ್ನ ಹತ್ತಿರ ಇದೆ, ತುಂಬಲು ನಾನೇ ಕೂರುತ್ತೇನೆ. ಒಂದು ಫೋಟೊ, ವಯಸ್ಸಿನ ದಾಖಲೆ, ವಿಳಾಸದ ದಾಖಲೆ ತಂದರೆ ಸಾಕು.