ಅಲ್ಟಿಮೇಟ್ ಕ್ಯಾಸೆಟ್‌ಗಳು: ಜೆಟ್‌ಪ್ಯಾಕ್‌ನಿಂದ ನೈಟ್ ಲೋರ್‌ವರೆಗೆ ಬಂದಾಯ್ತು

ಜೆಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಹಳೇ ಕಂಪ್ಯೂಟರಿನ ನೈಟ್ ಲೋರ್ ಆಟದ ಕ್ಯಾಸೆಟ್ ಕೊನೆಗೂ ತಕರಾರಿಲ್ಲದೆ ಲೋಡ್ ಆಯಿತು. ಇಲ್ಲಿವರೆಗಿನ ಕೆಲಸವನ್ನು ಒಂದು ಕಡೆ ಬರೆದಿಡಲು ಇದೇ ಒಳ್ಳೆ ಸಮಯ ಅನ್ನಿಸಿತು.

ಗೊತ್ತಿಲ್ಲದವರಿಗೆ ಹಿನ್ನೆಲೆ ಹೇಳಿಬಿಡುತ್ತೇನೆ. ಜೆಡ್‌ಎಕ್ಸ್ ಸ್ಪೆಕ್ಟ್ರಮ್ ಅಂದರೆ 1982ರ ಏಪ್ರಿಲ್‌ನಲ್ಲಿ ಬ್ರಿಟನ್ನಿನಲ್ಲಿ ಬಂದ ಮನೆ ಕಂಪ್ಯೂಟರ್. ರಬ್ಬರ್ ಕೀಲಿಗಳು, ಒಳಗೆ 3.5 ಮೆಗಾಹರ್ಟ್ಸ್‌ನ ಜೆಡ್80 ಪ್ರೊಸೆಸರ್. 16ಕೆ (ಅಂದರೆ 16 ಕಿಲೋಬೈಟ್ ಮೆಮೊರಿಯ) ಮಾಡೆಲ್‌ಗೆ 125 ಪೌಂಡ್, 48ಕೆ ಮಾಡೆಲ್‌ಗೆ 175. ಡಿಸ್ಕ್ ಇಲ್ಲ, ಎಲ್ಲಾ ಕ್ಯಾಸೆಟ್‌ನಲ್ಲೇ. ನಮ್ಮ ದೇಶದಲ್ಲೂ ಡೆಸಿಬೆಲ್ಸ್ ಎಂಬ ಕಂಪನಿ ಪರವಾನಗಿ ಪಡೆದು ಇದನ್ನು ‘ಡಿಬಿ ಸ್ಪೆಕ್ಟ್ರಮ್’ ಹೆಸರಲ್ಲಿ ಮಾರಿತ್ತು.

ಈ ಯಂತ್ರಕ್ಕೆ ಆಟ ಬರೆದವರು ಲೆಕ್ಕವಿಲ್ಲದಷ್ಟು ಜನ. ನನಗೆ ಇಷ್ಟವಾದವರು ಒಬ್ಬರೇ: ಅಲ್ಟಿಮೇಟ್ ಪ್ಲೇ ದ ಗೇಮ್. ಲೆಸ್ಟರ್‌ಷೈರ್‌ನ ಆಶ್‌ಬಿ-ಡ-ಲಾ-ಜೂಶ್ ಎಂಬ ಸಣ್ಣ ಊರಿನಲ್ಲಿ 1982ರಲ್ಲಿ ಶುರುವಾದ ಕಂಪನಿ. ಟಿಮ್ ಮತ್ತು ಕ್ರಿಸ್ ಸ್ಟ್ಯಾಂಪರ್ ಎಂಬ ಅಣ್ಣತಮ್ಮಂದಿರು ಅದರ ಜೀವಾಳ. ಇಬ್ಬರೂ ಅದಕ್ಕೂ ಮೊದಲು ಆರ್ಕೇಡ್ ಯಂತ್ರಗಳಿಗೆ ಕೆಲಸ ಮಾಡಿದವರು. ಜೆಡ್80 ಅವರಿಗೆ ಹಳೇ ಪರಿಚಯ. ಇವರೇ ಮುಂದೆ ‘ರೇರ್’ ಕಂಪನಿ ಕಟ್ಟಿದವರು.

ನನ್ನ ಯೋಜನೆ ಸರಳ. ಅವರ ಆಟಗಳನ್ನು ಬಂದ ಕ್ರಮದಲ್ಲೇ ಅಸಲಿ ಕ್ಯಾಸೆಟ್‌ನಿಂದ ಲೋಡ್ ಮಾಡಬೇಕು, ಆಡಬೇಕು. ಆಮೇಲೆ ಎಮುಲೇಟರ್‌ನ (ಲ್ಯಾಪ್‌ಟಾಪ್‌ನಲ್ಲಿ ಸ್ಪೆಕ್ಟ್ರಮ್‌ನಂತೆ ನಡೆಯುವ ತಂತ್ರಾಂಶದ) ಡಿಬಗರ್, ಅಂದರೆ ಆಟದ ಒಳಗಿನ ಕೆಲಸ ತೋರಿಸುವ ಸಲಕರಣೆ, ತೆರೆದು ಒಂದೇ ಒಂದು ವಿಷಯ ನೋಡಬೇಕು: ಸ್ಪೆಕ್ಟ್ರಮ್‌ನ ಬಣ್ಣದ ಸಮಸ್ಯೆಯನ್ನು (ಅದೇನು ಅಂತ ಮುಂದೆ ಹೇಳುತ್ತೇನೆ) ಆ ಆಟದಲ್ಲಿ ಹೇಗೆ ನಿಭಾಯಿಸಿದ್ದಾರೆ? ಮಧ್ಯೆ ಮಧ್ಯೆ ಸ್ಥಿತಿ ಸೇವ್ ಮಾಡಿಕೊಂಡು ಆಡುವ ಹಾಗಿಲ್ಲ. ಸತ್ತರೆ ಮೊದಲಿಂದ.

ಕ್ಯಾಸೆಟ್ ಕೆಲಸ

ಕ್ಯಾಸೆಟ್‌ಗಳು ಸಿಕ್ಕಿದ್ದು ಲೆಸ್ಟರ್‌ನಲ್ಲಿರುವ ತಂಗಿಯಿಂದ. ಅಲ್ಲಿ ಭಾನುವಾರ ಜನ ಮನೆಯ ಹಳೇ ಸಾಮಾನನ್ನು ಕಾರಿನ ಡಿಕ್ಕಿಯಲ್ಲಿಟ್ಟು ಮೈದಾನದಲ್ಲಿ ಮಾರುತ್ತಾರೆ. ಅಂಥ ಕಡೆ ಹುಡುಕಿ ತಂದುಕೊಟ್ಟಳು. ಒಂದನ್ನು ಟೇಪ್ ರೆಕಾರ್ಡರಿಗೆ ಹಾಕಿ ಕೇಳಿದಾಗ ಅವಳು ಹೇಳಿದ್ದು, “ಅಣ್ಣಾ, ಇದ್ರಲ್ಲಿ ಬರೀ ಕಿರ್ರೋ ಅಂತ ಬರ್ತಿದೆ, ಹಾಳಾಗಿರ್ಬೇಕು ಬಿಡು.” ಹಾಗೆ ಕಿರ್ರೋ ಅಂದರೇ ಅದು ಸರಿಯಾಗಿದೆ ಅಂತ ಅರ್ಥ!

ಓದಿಸಲು ಮನೆಯಲ್ಲಿದ್ದ ಹಳೇ ಟೂ-ಇನ್-ಒನ್ ಇತ್ತು. ಬೆಲ್ಟ್ ಸಡಿಲವಾಗಿತ್ತು. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಅಳತೆಗೆ ಸರಿಯಾದದ್ದು ಸಿಕ್ಕಿತು. ಬೆಲ್ಟ್ ಹಾಕಿದ ಮೇಲೂ ಲೋಡ್ ಆಗುತ್ತಿರಲಿಲ್ಲ. ಅರ್ಧಕ್ಕೆ ಬಂದು ‘ಆರ್ ಟೇಪ್ ಲೋಡಿಂಗ್ ಎರರ್’ ಅಂತ ನಿಂತುಬಿಡುತ್ತಿತ್ತು.

ಕಾರಣ ಗೊತ್ತಾಗಿದ್ದು ಶಬ್ದವನ್ನು ಲ್ಯಾಪ್‌ಟಾಪ್‌ಗೆ ರೆಕಾರ್ಡ್ ಮಾಡಿ ಆಡಾಸಿಟಿ ಎಂಬ ಶಬ್ದ ಸಂಪಾದಿಸುವ ತಂತ್ರಾಂಶದಲ್ಲಿ ಹಿಗ್ಗಿಸಿ ನೋಡಿದಾಗ. ಸ್ಪೆಕ್ಟ್ರಮ್ ಪ್ರತಿ ಬಿಟ್ಟನ್ನೂ ಟೇಪ್‌ನಲ್ಲಿ ಒಂದೊಂದು ಅಲೆಯಾಗಿ ಬರೆಯುತ್ತದೆ. 0 ಆದರೆ ಚಿಕ್ಕ ಅಲೆ, 1 ಆದರೆ ಅದರ ಎರಡರಷ್ಟು ಉದ್ದದ ಅಲೆ. ಶಬ್ದದ ಲೆಕ್ಕದಲ್ಲಿ ಹೇಳುವುದಾದರೆ 0 ಸುಮಾರು 2000 ಹರ್ಟ್ಸ್, 1 ಸುಮಾರು 1000 ಹರ್ಟ್ಸ್. ನನ್ನ ರೆಕಾರ್ಡಿಂಗ್‌ನಲ್ಲಿ ಉದ್ದದ ಅಲೆಗಳು ದಷ್ಟಪುಷ್ಟವಾಗಿದ್ದವು, ಚಿಕ್ಕವು ಸೊರಗಿಹೋಗಿದ್ದವು. ಟೇಪ್ ಹೆಡ್ ಕೂದಲೆಳೆಯಷ್ಟು ಓರೆಯಾದರೂ ಮೊದಲು ಏಟು ಬೀಳುವುದು ಮೇಲಿನ ಸ್ವರಗಳಿಗೆ.

ಹೆಡ್‌ನ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಸಣ್ಣ ಸ್ಕ್ರೂ ಇರುತ್ತದೆ. ಕ್ಯಾಸೆಟ್ ಓಡುತ್ತಿರುವಾಗಲೇ ಅದನ್ನು ಚೂರು ಚೂರೇ ತಿರುಗಿಸುತ್ತಾ ಕಿವಿಗೊಟ್ಟು ಕೇಳಬೇಕು. ಮಂಕಾಗಿದ್ದ ಶಬ್ದ ಒಂದು ಜಾಗದಲ್ಲಿ ಇದ್ದಕ್ಕಿದ್ದಂತೆ ಹರಿತವಾಗುತ್ತದೆ, ಕಿವಿಗೆ ಚುಚ್ಚುತ್ತದೆ. ಅಲ್ಲೇ ನಿಲ್ಲಿಸಬೇಕು. ಒಂದೊಂದು ಕ್ಯಾಸೆಟ್‌ಗೆ ಒಂದೊಂದು ಜಾಗ. ಆಮೇಲೆ ಫ್ಯೂಸ್ ಎಮುಲೇಟರ್‌ನ ಸಲಕರಣೆಗಳಲ್ಲಿ ಒಂದು ಆ ರೆಕಾರ್ಡಿಂಗನ್ನು ಟೇಪ್ ಫೈಲ್ ಮಾಡಿಕೊಡುತ್ತದೆ. ಪ್ರತಿ ಬ್ಲಾಕ್‌ನ ಕೊನೆಗೆ ತಾಳೆ ನೋಡಲು ಒಂದು ಬೈಟ್ ಇರುತ್ತದೆ, ಹಾಗಾಗಿ ಡೇಟಾ ಸರಿಯಿದೆಯೋ ಇಲ್ಲವೋ ತಕ್ಷಣ ಗೊತ್ತಾಗುತ್ತದೆ.

ಲೋಡ್ ಆಗುವುದನ್ನು ಮಾತ್ರ ನಾನು ಫಾಸ್ಟ್ ಮಾಡುವುದಿಲ್ಲ. ಮೊದಲು ಪರದೆಯ ಅಂಚಿನಲ್ಲಿ ಕೆಂಪು-ತಿಳಿನೀಲಿ ಪಟ್ಟೆ, ಡೇಟಾ ಶುರುವಾದ ಮೇಲೆ ನೀಲಿ-ಹಳದಿ ಪಟ್ಟೆ. ಐದು ನಿಮಿಷ ಸುಮ್ನೆ ನೋಡ್ತಾ ಕೂರೋದು. ಅಷ್ಟರಲ್ಲಿ ಕಾಫಿ ಆಗುತ್ತದೆ.

768 ಬೈಟ್

ಇಡೀ ಯೋಜನೆ ನಿಂತಿರುವುದು ಈ ಸಂಖ್ಯೆಯ ಮೇಲೆ. ಸ್ಪೆಕ್ಟ್ರಮ್‌ನ ಪರದೆ 256 ಅಡ್ಡ, 192 ಉದ್ದ ಚುಕ್ಕಿಗಳದ್ದು. ಒಂದೊಂದು ಚುಕ್ಕಿಗೂ ಬೇರೆ ಬೇರೆ ಬಣ್ಣ ಇಡಬೇಕು ಅಂದರೆ, 16 ಬಣ್ಣದ ಲೆಕ್ಕದಲ್ಲಿ ಬರೀ ಪರದೆಗೇ 24,576 ಬೈಟ್ ಬೇಕು. 16ಕೆ ಯಂತ್ರದಲ್ಲಿ ಒಟ್ಟು ಮೆಮೊರಿಯೇ 16,384 ಬೈಟ್! ಅದಕ್ಕೇ ಸ್ಪೆಕ್ಟ್ರಮ್ ತಯಾರಿಸಿದ ಸಿಂಕ್ಲೇರ್ ಕಂಪನಿಯವರು ಚಿತ್ರ ಬೇರೆ, ಬಣ್ಣ ಬೇರೆ ಮಾಡಿದರು. ಚುಕ್ಕಿ ಇದೆಯೋ ಇಲ್ಲವೋ ಅನ್ನುವುದಕ್ಕೆ 6144 ಬೈಟ್. ಬಣ್ಣಕ್ಕೆ ಪರದೆಯನ್ನು 32 × 24 ಚೌಕ ಮಾಡಿ ಚೌಕಕ್ಕೆ ಒಂದು ಬೈಟ್. ಒಟ್ಟು 768.

ಒಂದು ಚೌಕ ಅಂದರೆ 8 × 8 ಚುಕ್ಕಿ. ಅದರಲ್ಲಿ ಎರಡೇ ಬಣ್ಣ: ಚುಕ್ಕಿಯದ್ದು ಒಂದು, ಹಿನ್ನೆಲೆಯದ್ದು ಇನ್ನೊಂದು. ಎಮುಲೇಟರ್ ಇದ್ದರೆ ನೀವೇ ನೋಡಬಹುದು. ಆನ್ ಮಾಡಿದ ತಕ್ಷಣ ‘ಓ’ ಕೀಲಿ ಒತ್ತಿದರೆ ಇಡೀ ಪೋಕ್ ಪದವೇ ಬರುತ್ತದೆ (ಮೆಮೊರಿಯ ಒಂದು ಜಾಗದಲ್ಲಿ ಸಂಖ್ಯೆ ಬರೆಯುವ ಆದೇಶ ಅದು). ಮುಂದೆ 22528,80 ಅಂತ ಹೊಡೆದು ಎಂಟರ್ ಒತ್ತಿ. ಎಡಗಡೆ ಮೇಲಿನ ಮೂಲೆಯಲ್ಲಿ ಒಂದು ಕೆಂಪು ಚೌಕ ಬರುತ್ತದೆ. ಬಣ್ಣದ 768 ಬೈಟ್ ಶುರುವಾಗುವುದು ಅಲ್ಲಿಂದಲೇ.

ಈಗ ಹಳದಿ ಗೊಂಬೆಯೊಂದು ಹಸಿರು ಗೋಡೆಯ ಮುಂದೆ ನಡೆಯಿತು ಅಂದುಕೊಳ್ಳಿ. ಚೌಕದಲ್ಲಿ ಮೂರನೇ ಬಣ್ಣಕ್ಕೆ ಜಾಗವಿಲ್ಲ. ಹೊಸ ಕೆಂಪು ಬಟ್ಟೆ ಜೊತೆ ಬಿಳಿ ಬನಿಯನ್ ನೆನೆಸಿಟ್ಟ ಹಾಗೆ ಒಂದರ ಬಣ್ಣ ಇನ್ನೊಂದಕ್ಕೆ ಹತ್ತುತ್ತದೆ. ಆ ಕಾಲದ ಆಟಗಳಲ್ಲಿ ಅರ್ಧಕ್ಕರ್ಧ ಅಸಹ್ಯವಾಗಿ ಕಾಣುವುದು ಇದರಿಂದಲೇ. ಅಲ್ಟಿಮೇಟ್‌ನವರು ಒಂದೊಂದು ಆಟದಲ್ಲೂ ಇದಕ್ಕೆ ಬೇರೆ ಉಪಾಯ ಹುಡುಕಿದರು ಅನ್ನುವುದು ನನ್ನ ವಾದ. ಆಡುತ್ತಾ ಹೋದಂತೆ ಅದು ಇನ್ನಷ್ಟು ಗಟ್ಟಿಯಾಗುತ್ತಿದೆ.

ಜೆಟ್‌ಪ್ಯಾಕ್ (1983)

ಮೊದಲ ಆಟ. ಬೆಲೆ 5.50 ಪೌಂಡ್. 16ಕೆ ಯಂತ್ರದಲ್ಲೂ ಓಡುತ್ತದೆ. ಪರದೆಗೆ ಹೋದದ್ದು ಕಳೆದರೆ ಇವರಿಗೆ ಉಳಿದದ್ದು 9472 ಬೈಟ್, ಅದರಲ್ಲೇ ಎಲ್ಲಾ. ಈಗ ಫೋನ್‌ನಲ್ಲಿ ತೆಗೆಯುವ ಒಂದು ಫೋಟೋ ಇದಕ್ಕಿಂತ ನೂರಾರು ಪಟ್ಟು ದೊಡ್ಡದು.

ಬೆನ್ನಿಗೆ ಜೆಟ್ ಕಟ್ಟಿಕೊಂಡ ಜೆಟ್‌ಮ್ಯಾನ್ ಮೂರು ತುಂಡಾದ ರಾಕೆಟ್ ಜೋಡಿಸಬೇಕು, ಇಂಧನ ತುಂಬಬೇಕು, ಹತ್ತಿ ಹೊರಡಬೇಕು. ಮಧ್ಯೆ ಅನ್ಯಗ್ರಹದ ಜೀವಿಗಳ ಕಾಟ. ಪರದೆ ಒಂದೇ. ಎಡಕ್ಕೆ ಹೋದರೆ ಬಲದಿಂದ ಬರುತ್ತೀರಿ. ಇಷ್ಟೇ ಆಟ. ಆದರೆ ಗಾಳಿಯಲ್ಲಿ ಅವನ ತೂಕ ಕೈಗೆ ತಿಳಿಯುತ್ತದೆ. ಬಟನ್ ಬಿಟ್ಟ ಕೂಡಲೇ ಕಲ್ಲಿನಂತೆ ಬೀಳುವುದಿಲ್ಲ, ಸ್ವಲ್ಪ ತೇಲಿ ಇಳಿಯುತ್ತಾನೆ. ಇವತ್ತಿಗೂ ಒಂದು ಆಟ ಆಡೋಣ ಅಂತ ಕೂತರೆ ಗಂಟೆ ಹೋಗುತ್ತದೆ.

ಬಣ್ಣಕ್ಕೆ ಇಲ್ಲಿನ ಉಪಾಯ ಅಂದರೆ ಹಿನ್ನೆಲೆಯೇ ಇಲ್ಲದಿರುವುದು. ಬರೀ ಕಪ್ಪು ಆಕಾಶ, ಮೂರು ತೆಳು ಕಟ್ಟೆ. ಬಣ್ಣ ಕಲಸಿಕೊಳ್ಳಲು ಅಲ್ಲಿ ಏನಾದರೂ ಇರಬೇಕಲ್ವಾ? ಎರಡು ಗೊಂಬೆ ಹತ್ತಿರ ಬಂದಾಗ ಮಾತ್ರ ಒಂದು ಕ್ಷಣ ಬಣ್ಣ ಬದಲಾಗುತ್ತದೆ, ಆ ಗಡಿಬಿಡಿಯಲ್ಲಿ ಯಾರೂ ಗಮನಿಸುವುದಿಲ್ಲ. ಡಿಬಗರ್‌ನಲ್ಲಿ ಗೊಂಬೆ ಹೋದಲ್ಲೆಲ್ಲಾ ಆ 768 ಬೈಟ್‌ಗಳಲ್ಲಿ ಸಂಖ್ಯೆಗಳು ಮಿನುಗಿ ಬದಲಾಗುವುದನ್ನು ನೋಡುವುದೇ ಒಂದು ಮಜ.

ನಂತರದ ಪ್‌ಸ್‌ಸ್ಟ್, ಟ್ರಾನ್ಸ್ ಆ್ಯಮ್, ಕುಕಿ ಮೂರೂ ಅದೇ ವರ್ಷದವು, ಮೂರೂ 16ಕೆ. ಪ್‌ಸ್‌ಸ್ಟ್‌ನಲ್ಲಿ ರೋಬೋ ಒಂದು ಹೂಗಿಡಕ್ಕೆ ಹುಳ ಹತ್ತದಂತೆ ಸ್ಪ್ರೇ ಹೊಡೆಯುತ್ತದೆ. ಮುದ್ದಾಗಿದೆ. ಕುಕಿ ನನಗೆ ರುಚಿಸಲಿಲ್ಲ. ಲೂನಾರ್ ಜೆಟ್‌ಮ್ಯಾನ್ ಬಗ್ಗೆ ಒಂದೇ ಮಾತು: ವಿಪರೀತ ಕಷ್ಟ. ಆ ಆಟದಲ್ಲಿ ಗಾಡಿಗೆ ಜೋಡಿಸುವ ಟ್ರೇಲರ್ ಒಂದು ಅಡಗಿದೆ ಅಂತ ಆಗ ಬ್ರಿಟನ್ನಿನ ಹುಡುಗರ ನಡುವೆ ದೊಡ್ಡ ಗುಲ್ಲೆದ್ದಿತ್ತು. ಅಂಥದ್ದೇನೂ ಇಲ್ಲ.

ಅಟಿಕ್ ಅಟಾಕ್ (1983)

ನನ್ನ ಪಟ್ಟಿಯಲ್ಲಿ ಇದಕ್ಕೇ ಮೊದಲ ಸ್ಥಾನ. ಮಾಟದ ಕೋಟೆಯೊಳಗೆ ಸಿಕ್ಕಿಬಿದ್ದಿದ್ದೀರಿ. ಮೂರು ಚೂರಾಗಿರುವ ಚಿನ್ನದ ಕೀಲಿ ಹುಡುಕಿ ಹೆಬ್ಬಾಗಿಲಿಂದ ಆಚೆ ಬರಬೇಕು. ಕೀಲಿಯ ಮೇಲಿರುವ ಎಸಿಜಿ ಅನ್ನುವ ಅಕ್ಷರಗಳು ಕಂಪನಿಯ ಅಸಲಿ ಹೆಸರಿನವು: ಆಶ್‌ಬಿ ಕಂಪ್ಯೂಟರ್ಸ್ ಆ್ಯಂಡ್ ಗ್ರಾಫಿಕ್ಸ್.

ಆಡುವವರು ಯೋಧ, ಮಾಂತ್ರಿಕ, ಆಳು ಈ ಮೂವರಲ್ಲಿ ಒಬ್ಬರನ್ನು ಆರಿಸಿಕೊಳ್ಳಬೇಕು. ಒಬ್ಬೊಬ್ಬರಿಗೂ ಬೇರೆ ಗುಪ್ತದಾರಿ. ಯೋಧ ಆಳೆತ್ತರದ ಗಡಿಯಾರದೊಳಗೆ ನುಗ್ಗುತ್ತಾನೆ, ಮಾಂತ್ರಿಕ ಪುಸ್ತಕದ ಕಪಾಟಿನೊಳಗೆ, ಆಳು ಪೀಪಾಯಿಯೊಳಗೆ. ಅಂದರೆ ಒಂದೇ ಕೋಟೆಗೆ ಮೂರು ನಕ್ಷೆ. ನಾನು ಆಳನ್ನು ಆರಿಸಿಕೊಂಡು ಮುಗಿಸಿದ್ದೇನೆ. ಯೋಧನ ನಕ್ಷೆ ಅರ್ಧ ಆಗಿದೆ.

ಪ್ರಾಣ ಎಷ್ಟು ಉಳಿದಿದೆ ಅಂತ ತೋರಿಸುವುದಕ್ಕೆ ಬಲಗಡೆ ಒಂದು ಹುರಿದ ಕೋಳಿ ಇದೆ. ಹಸಿವಾದಂತೆ ಮಾಂಸ ಕರಗಿ ಮೂಳೆ ಕಾಣುತ್ತಾ ಬರುತ್ತದೆ. ಸಂಖ್ಯೆ ಓದುವ ಕೆಲಸವೇ ಇಲ್ಲ. ನನ್ನ ಮಗಳು ಕನ್ನಡಕ ಹುಡುಕುತ್ತಿದ್ದ ನನ್ನನ್ನು ನೋಡಿ, “ಅಪ್ಪಾ, ಕೋಳಿ ಖಾಲಿ ಆಗ್ತಿದೆ, ಓಡು” ಅಂದಳು. ಆಟದ ಗಂಧಗಾಳಿ ಇಲ್ಲದವರಿಗೂ ತಿಳಿಯುವ ಹಾಗೆ ಮಾಡಿದ್ದಾರೆ. ಸತ್ತ ಜಾಗದಲ್ಲಿ ಒಂದು ಗೋರಿಕಲ್ಲು ಬೇರೆ ಉಳಿಯುತ್ತದೆ!

ಇಲ್ಲಿ ಬಣ್ಣದ ಉಪಾಯ: ಕೋಣೆ ಬರೀ ಗೆರೆ. ಮೇಲಿಂದ ಬಗ್ಗಿ ನೋಡಿದಂತೆ ನಾಲ್ಕು ಗೋಡೆ, ಗೋಡೆಗೆ ಅಂಟಿಕೊಂಡ ಬಾಗಿಲು, ಕಪಾಟು. ಓಡಾಡುವ ನಡುಜಾಗ ಪೂರ್ತಿ ಕಪ್ಪು. ಬಣ್ಣವೆಲ್ಲಾ ಅಂಚಿನಲ್ಲಿ, ಗದ್ದಲವೆಲ್ಲಾ ಮಧ್ಯದಲ್ಲಿ.

ಸೇಬರ್ ವುಲ್ಫ್ (1984)

ಬೆಲೆಯನ್ನು ಒಂದೇ ಸಲ 9.95 ಪೌಂಡ್‌ಗೆ ಏರಿಸಿದರು. ದುಡ್ಡು ಜಾಸ್ತಿ ಕೊಟ್ಟವರು ಗೆಳೆಯರಿಗೆ ಸುಲಭವಾಗಿ ಕಾಪಿ ಮಾಡಿಕೊಡುವುದಿಲ್ಲ ಅನ್ನುವ ಲೆಕ್ಕ. ದೊಡ್ಡ ಡಬ್ಬಿಯೂ ಬಂತು. ನನಗೆ ಸಿಕ್ಕಿದ್ದಕ್ಕೆ ಡಬ್ಬಿ ಇಲ್ಲ, ಬರೀ ಕ್ಯಾಸೆಟ್.

ಕಾಡಿನ ನಕ್ಷೆ 16 × 16, ಒಟ್ಟು 256 ಪರದೆ. ತಾಯಿತದ ನಾಲ್ಕು ಚೂರು ಹುಡುಕಬೇಕು. ಇದಕ್ಕೆ ಗ್ರಾಫ್ ಹಾಳೆ ತಂದು ಗೋಡೆಗೆ ಅಂಟಿಸಿದ್ದೇನೆ. ಇಂಟರ್‌ನೆಟ್‌ನಲ್ಲಿ ಸಿದ್ಧ ನಕ್ಷೆ ಸಿಗುತ್ತದೆ, ಗೊತ್ತು. ಅದನ್ನು ನೋಡಿ ಆಡುವುದಾದರೆ ಆಡುವುದಾದರೂ ಯಾಕೆ? ಕೆಲವು ಹೂಗಳನ್ನು ಮುಟ್ಟಿದರೆ ಎಡ ಬಲ ಅದಲುಬದಲಾಗುತ್ತದೆ. ಆ ಹೊತ್ತಲ್ಲಿ ನಕ್ಷೆಯಲ್ಲಿ ಎಲ್ಲಿದ್ದೇನೆ ಅನ್ನುವುದೇ ತಪ್ಪಿಹೋಗುತ್ತದೆ.

ಅಟಿಕ್ ಅಟಾಕ್‌ನ ಉಪಾಯವೇ ಇಲ್ಲಿ ಬೆಳೆದಿದೆ. ದಾರಿ ಕಪ್ಪು, ಇಕ್ಕೆಲದಲ್ಲಿ ಕಣ್ಣು ಕುಕ್ಕುವ ಬಣ್ಣದ ಕಾಡು. ಸ್ಪೆಕ್ಟ್ರಮ್‌ನಲ್ಲಿ ಇಷ್ಟು ಬಣ್ಣವನ್ನು ಒಟ್ಟಿಗೆ ನೋಡಿದವರು ಆಗ ಕಡಿಮೆ. ನಕ್ಷೆ ಸುಮಾರು ಮುಕ್ಕಾಲು ಪಾಲು ಆಗಿದೆ. ತಾಯಿತ ಇನ್ನೂ ಪೂರ್ತಿ ಆಗಿಲ್ಲ.

ಅಂಡರ್‌ವರ್ಲ್ಡ್ ಆಟ ಸೇಬರ್ ವುಲ್ಫ್‌ನ ನಾಯಕ ಸೇಬರ್‌ಮ್ಯಾನ್‌ನ ಮುಂದಿನ ಕಥೆ. ಇದರಲ್ಲಿ ಜೀವಿಗಳು ಮುಟ್ಟಿದರೆ ಸಾಯುವುದಿಲ್ಲ, ಚೆಂಡಿನಂತೆ ಎಗರಿ ಬೀಳುತ್ತೀರಿ. ಎತ್ತರದಿಂದ ಬಿದ್ದರೆ ಮಾತ್ರ ಸಾವು. ಹೊಗಳುವವರು ಬಹಳ. ನನಗೆ ತಲೆನೋವು ಬಂತು, ಪಕ್ಕಕ್ಕಿಟ್ಟೆ.

ನೈಟ್ ಲೋರ್ (1984)

ಈಗ ಕೈಯಲ್ಲಿರುವುದು ಇದು. ಕೋಣೆಯನ್ನು ಮೂಲೆಯಿಂದ ನೋಡಿದಂತೆ ಮೂರು ಆಯಾಮದಲ್ಲಿ ಬಿಡಿಸಿದ್ದಾರೆ. ಮಂಚ ಕುರ್ಚಿಗಳ ಹಿಂದೆ ಹೋದರೆ ಮರೆಯಾಗುವಂತೆ, ಸೇಬರ್‌ಮ್ಯಾನ್ ಕಲ್ಲಿನ ಹಿಂದೆ ಹೋದರೆ ನಿಜಕ್ಕೂ ಮರೆಯಾಗುತ್ತಾನೆ. ಈ ತಂತ್ರಕ್ಕೆ ಅವರು ಇಟ್ಟ ಹೆಸರು ಫಿಲ್ಮೇಷನ್.

ಡಿಬಗರ್‌ನಲ್ಲಿ ನೋಡಿದರೆ ಕೆಲಸ ಹೀಗೆ ನಡೆಯುತ್ತದೆ. ಯಾವ ವಸ್ತು ದೂರ, ಯಾವುದು ಹತ್ತಿರ ಅಂತ ಮೊದಲು ಲೆಕ್ಕ ಹಾಕುತ್ತದೆ. ದೂರದ್ದರಿಂದ ಬಿಡಿಸುತ್ತಾ ಬರುತ್ತದೆ. ಪ್ರತಿ ಗೊಂಬೆಗೂ ಚಿತ್ರದ ಜೊತೆ ಒಂದು ಮಾಸ್ಕ್ ಇದೆ. ಮಾಸ್ಕ್‌ನಿಂದ ಆ ಆಕಾರದಷ್ಟು ಜಾಗ ಅಳಿಸಿ, ಅದರ ಮೇಲೆ ಚಿತ್ರ ಕೂರಿಸುತ್ತದೆ. ಕೋಣೆಯಲ್ಲಿ ಚಲಿಸುವ ವಸ್ತು ಜಾಸ್ತಿ ಇದ್ದರೆ ಜೆಡ್80ಗೆ ಉಸಿರು ಕಟ್ಟುತ್ತದೆ, ಆಟ ನಿಧಾನವಾಗುತ್ತದೆ. ಆ ನಿಧಾನ ನನ್ನಂಥ ನಲವತ್ತು ದಾಟಿದ ಕೈಗಳಿಗೆ ಅನುಕೂಲವೇ.

ಬಣ್ಣದ ವಿಷಯದಲ್ಲಿ ಇವರು ಮಾಡಿದ್ದು ನೋಡಿ: ಕೋಣೆಗೆ ಒಂದೇ ಬಣ್ಣ. ಒಂದು ಕೋಣೆ ಹಳದಿ, ಇನ್ನೊಂದು ಹಸಿರು, ಮತ್ತೊಂದು ತಿಳಿನೀಲಿ. ಗೋಡೆ, ಕಲ್ಲು, ಮುಳ್ಳು, ನೀವು, ದೆವ್ವ ಎಲ್ಲಾ ಒಂದೇ ಬಣ್ಣ, ಹಿಂದೆ ಕಪ್ಪು. ಕಾಡಿನ ತುಂಬಾ ಬಣ್ಣ ಚೆಲ್ಲಿದವರೇ ಅದೇ ವರ್ಷ ಬಣ್ಣವನ್ನು ಬಿಟ್ಟುಕೊಟ್ಟರು. ಸ್ಟ್ಯಾಂಪರ್‌ಗಳು ಆಮೇಲೆ ಒಂದು ಸಂದರ್ಶನದಲ್ಲಿ ನೈಟ್ ಲೋರ್ ಮೊದಲೇ ಮುಗಿದಿತ್ತು, ಬೇಕಂತಲೇ ತಡೆದಿಟ್ಟಿದ್ದೆವು ಅಂದಿದ್ದಾರೆ. ಇದನ್ನು ನೋಡಿದವರು ಸೇಬರ್ ವುಲ್ಫ್ ಕೊಳ್ಳುತ್ತಿರಲಿಲ್ಲ ಅನ್ನುವುದು ಅವರ ಲೆಕ್ಕ. ವ್ಯಾಪಾರದಲ್ಲೂ ಪಾಕಡಾಗಳು.

ರಾತ್ರಿಯಾದರೆ ಸೇಬರ್‌ಮ್ಯಾನ್ ತೋಳಮನುಷ್ಯನಾಗುತ್ತಾನೆ. ಶಾಪ ಕಳೆಯಲು 40 ದಿನ ಗಡುವು. ಮಾಂತ್ರಿಕನ ಕೊಪ್ಪರಿಗೆ ಕೇಳಿದ ವಸ್ತುಗಳನ್ನು ಅದು ಕೇಳಿದ ಕ್ರಮದಲ್ಲೇ ತಂದು ಹಾಕಬೇಕು. ತೋಳವಾಗಿದ್ದಾಗ ಆ ಕೋಣೆಗೆ ಹೋದರೆ ಕೊಪ್ಪರಿಗೆಯೇ ಮೈಮೇಲೆ ಬರುತ್ತದೆ. ಹೊತ್ತ ವಸ್ತುವನ್ನು ನೆಲಕ್ಕಿಟ್ಟು, ಅದರ ಮೇಲೆ ಹತ್ತಿ ನಿಂತು ಎತ್ತರಕ್ಕೆ ಹಾರಬಹುದು. ಇದು ಗೊತ್ತಾದ ಮೇಲೆ ಅರ್ಧ ಕೋಣೆಗಳ ಬೀಗ ತೆರೆದ ಹಾಗಾಯ್ತು. ಆದರೂ 40 ದಿನ ಸಾಲುತ್ತಿಲ್ಲ. ದಾರಿ ಕಡಿಮೆ ಮಾಡಲು 128 ಕೋಣೆಗಳ ನಕ್ಷೆಯಲ್ಲಿ ವಸ್ತುಗಳು ಸಿಗುವ ಜಾಗಗಳನ್ನು ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಿದ್ದೇನೆ.

ಮುಂದಿನದು ಏಲಿಯನ್ 8. ಅದೇ ಫಿಲ್ಮೇಷನ್, ಸೇಬರ್‌ಮ್ಯಾನ್ ಬದಲು ಅಂತರಿಕ್ಷ ನೌಕೆಯ ರೋಬೋ. ಕ್ಯಾಸೆಟ್‌ನ ಒಂದು ಬದಿ ಸುಕ್ಕುಗಟ್ಟಿದೆ, ಇನ್ನೊಂದು ಬದಿ ನೋಡಬೇಕು. ಅದಕ್ಕೂ ಮುಂಚೆ ಹೆಡ್ ಸ್ಕ್ರೂ ಮೇಲೆ ಉಗುರುಬಣ್ಣದಲ್ಲಿ ಒಂದು ಗುರುತು ಹಾಕಿಕೊಳ್ಳುತ್ತೇನೆ, ಪ್ರತಿ ಸಲ ಕಿವಿಯಲ್ಲೇ ಹುಡುಕುವುದು ತಪ್ಪುತ್ತದೆ.